ಬಲ ಅಂಚಿನ ಕಲೆ

ನನ್ನ ಗಂಡನನ್ನು ಸೂರ್ಯ ಕೊಂದ ಎಂದು ಕೆಲವರು ಹೇಳುತ್ತಾರೆ. ಅವನೇ ತನ್ನ ಕೈಯಾರೆ ಸತ್ತ, ಸಾಯುವಾಗ ಜಿಲ್ಲೆಯನ್ನೂ ಕತ್ತಲಿಗೆ ನೂಕಿದ ಎಂದು ಉಳಿದವರು ಹೇಳುತ್ತಾರೆ. ಎರಡೂ ಸುಳ್ಳು. ಕೊಂದವರು ಡಾ. ಉದಯಶಂಕರ ಬೆಣಕಲ್, ಸೌರ ನಿಗಾ ಕೇಂದ್ರದ ನಿರ್ದೇಶಕರು. ಅದಾದ ಮೇಲೂ ಅವರ ಕೈಕೆಳಗೆ ದಿನಾ ಬೆಳಿಗ್ಗೆ ‘ನಮಸ್ಕಾರ ಸರ್’ ಎಂದು ಕೆಲಸ ಮಾಡಿದವಳು ನಾನು. ಸಾಹೇಬರ ಮೇಲೆ ಸಾಕ್ಷಿ ಹೇಳಿ ಅವರ ಕೈಕೆಳಗೇ ದುಡಿಯುತ್ತಾಳೆ, ಇವಳಿಗೆ ಮಾನ ಮರ್ಯಾದೆ ಇಲ್ಲವೇ ಎಂದು ಓಣಿಯವರು ಕೇಳಿದರು. ಕೇಳಲಿ ಬಿಡಿ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಮುಖದಲ್ಲಿ ನಗು ಇಟ್ಟುಕೊಳ್ಳುವುದು ಎಂಥ ಕಷ್ಟದ ಕೆಲಸ ಎಂದು ಅವರಿಗೇನು ಗೊತ್ತು?

ನನ್ನ ಹೆಸರು ಸುಮಂಗಲಾ. ಗದಗಿನ ಆಚೆ, ಕಪ್ಪತಗುಡ್ಡದ ಬುಡದಲ್ಲಿರುವ ಆ ಕೇಂದ್ರದಲ್ಲಿ ಸೂರ್ಯನ ಬೆನ್ನನ್ನು ಕೇಳುವುದು ನನ್ನ ಕೆಲಸ. ಹೌದು, ಕೇಳುವುದೇ. ಮುಖ ನೋಡಲು ದೂರದರ್ಶಕ ಸಾಕು, ಆದರೆ ಇಲ್ಲಿಂದ ಬೆನ್ನು ಯಾರಿಗೂ ಕಾಣುವುದಿಲ್ಲ. ಸೂರ್ಯನ ಒಳಗೆ ಎಸರು ಕುದಿಯುವಂತೆ ಸದಾ ಕುದಿತ, ಸದಾ ಸದ್ದು. ಆ ಸದ್ದಿನ ಅಲೆಗಳು ಒಳಗಿನಿಂದ ಹಾದುಹೋಗಿ, ಬೆನ್ನಿಗೆ ಬಡಿದು, ಮರಳಿ ಮುಖದ ಕಡೆ ಬರುತ್ತವೆ. ಬಂದಾಗ ಮುಖ ಸಣ್ಣಗೆ ಉಬ್ಬಿ ಇಳಿಯುತ್ತದೆ. ಬೆನ್ನಿನ ಮೇಲೆ ಎಲ್ಲಾದರೂ ಕಾಂತಕ್ಷೇತ್ರ ಗಂಟು ಕಟ್ಟಿಕೊಂಡಿದ್ದರೆ ಅಲ್ಲಿಗೆ ಬಡಿದ ಅಲೆ ಕೆಲವು ಸೆಕೆಂಡು ಮೊದಲೇ ವಾಪಸ್ಸು ಬರುತ್ತದೆ. ಸಂತೆಯಲ್ಲಿ ಹೆಂಗಸರು ಮಡಕೆಯನ್ನು ಬೆರಳಿಂದ ತಟ್ಟಿ, ಕಾಣದ ಕಡೆ ಬಿರುಕು ಇದೆಯೋ ಇಲ್ಲವೋ ಹೇಳುವುದಿಲ್ಲವೇ, ಇದೂ ಹಾಗೆಯೇ. ಆ ಕೆಲವು ಸೆಕೆಂಡುಗಳನ್ನು ಹಿಡಿದು ನಾನು ಬೆನ್ನಿನ ನಕ್ಷೆ ಬರೆಯುತ್ತೇನೆ. ಗಂಟು ಇರುವಲ್ಲಿ ನಕ್ಷೆಯಲ್ಲಿ ಒಂದು ಕಪ್ಪು ಕಲೆ ಬೀಳುತ್ತದೆ.

ಈ ಕಲೆಗಳು ಸಿಡಿದರೆ ನಮಗೇನು ಎಂದು ಈಗ ಯಾರೂ ಕೇಳುವುದಿಲ್ಲ. ಕಲೆ ಸಿಡಿದು, ಅದು ಉಗುಳಿದ ಕಾದ ಅನಿಲದ ಮೋಡ ಭೂಮಿಗೆ ತಾಕಿದರೆ, ನಮ್ಮ ಉದ್ದುದ್ದ ವಿದ್ಯುತ್ ತಂತಿಗಳಲ್ಲಿ ಬೇಡದ ಕರೆಂಟು ಹರಿಯುತ್ತದೆ, ಟ್ರಾನ್ಸ್‌ಫಾರ್ಮರುಗಳ ಹೊಟ್ಟೆ ಕಾದು ಬೇಯುತ್ತದೆ. ಮೊದಲೇ ಕರೆಂಟು ಆರಿಸಿಟ್ಟರೆ ಏನೂ ಆಗುವುದಿಲ್ಲ. ಅದಕ್ಕೇ ಈಗ ‘ಬಿಸಿಲ ಬಂದ್’ ಎಂಬ ಕಾನೂನು ಬಂದಿದೆ. ನಮ್ಮ ಸೌರ ಕೇಂದ್ರದಿಂದ ಘೋಷಣೆಯಾದ ತಕ್ಷಣ ನಮ್ಮ ಕಡೆಯ ಹೆಂಗಸರು ಖಡಕ್ ರೊಟ್ಟಿ ಬಡಿಯಲು ಕೂರುತ್ತಾರೆ, ಗಂಡಸರು ಬೋರಿಂಗಿನ ಕೈಪಂಪಿಗೆ ಎಣ್ಣೆ ಬಿಡುತ್ತಾರೆ, ಆಸ್ಪತ್ರೆಯವರು ಡೀಸೆಲ್ ತುಂಬಿಸಿಕೊಳ್ಳುತ್ತಾರೆ. ಮಕ್ಕಳಿಗಂತೂ ಹಬ್ಬ.

ಈ ಕಾನೂನು ಬರಲು ನನ್ನ ಗಂಡ ಸಾಯಬೇಕಾಯಿತು.

ಅವನ ಹೆಸರು ಮೈಲಾರಿ, ಕಣವಿಹಾಳದ ವಿದ್ಯುತ್ ಸ್ವೀಕರಣಾ ಕೇಂದ್ರದಲ್ಲಿ ಪಾಳಿಯ ಆಪರೇಟರ್. ಆಗ ಬೆನ್ನಿನ ನಕ್ಷೆಯನ್ನು ನಮ್ಮ ಕೇಂದ್ರದಲ್ಲಿ ನಾಯಿಯೂ ಮೂಸುತ್ತಿರಲಿಲ್ಲ. ಒಂದು ದಿನ ನಕ್ಷೆಯ ಬಲ ಅಂಚಿನಲ್ಲಿ ಅಂಗೈಯಷ್ಟು ದೊಡ್ಡ ಕಲೆ ಬಿತ್ತು. ನಾನು ಹೌಹಾರಿ ಬೆಣಕಲ್ ಸಾಹೇಬರಿಗೆ ನಕ್ಷೆ ಕಳಿಸಿ ಫೋನು ಮಾಡಿದೆ. “ಸರ್, ದೊಡ್ಡದು ಬರ್ತಾ ಇದೆ” ಎಂದೆ. ಅವರು ನಕ್ಕರು.

“ರೀ ಸುಮಂಗಲಾ, ನಾನು ಹುಟ್ಟಿದಾಗಿಂದ ಸೂರ್ಯನ್ನೇ ನೋಡ್ಕೊಂಡು ಬಂದೋನು. ಬಲ ಅಂಚಿನ ಕಲೆ ಅಂದ್ರೆ ಊಟ ಮುಗಿಸಿ ಹೊರಟ ಬೀಗರು. ಕೈ ಮುಗಿದು ಕಳಿಸಿಕೊಡಿ, ಅಷ್ಟೇ” ಎಂದು ಫೋನಿಟ್ಟರು.

ಅವರ ತಪ್ಪು ಏನು ಎಂದು ಹೇಳುತ್ತೇನೆ, ಸುಲಭವಿದೆ. ಒಂದು ಮಗು ಗುಡಿಯ ಕಂಬ ಸುತ್ತುತ್ತಿದೆ ಎಂದುಕೊಳ್ಳಿ. ನೀವು ಮುಂದೆ ನಿಂತಿದ್ದೀರಿ. ಮಗು ನಿಮ್ಮ ಎಡದಿಂದ ಬಂದು ಬಲಕ್ಕೆ ಮರೆಯಾಗುತ್ತದೆ. ಸೂರ್ಯ ತಿರುಗುವುದೂ ಹಾಗೇ; ಮುಖದ ಮೇಲೆ ಬಲ ಅಂಚಿಗೆ ಹೋದ ಕಲೆ ಹೋಯಿತೆಂದೇ ಲೆಕ್ಕ. ಆದರೆ ಬೆನ್ನಿನ ನಕ್ಷೆಯನ್ನು ಕಂಬದ ಹಿಂದೆ ನಿಂತವನ ಕಣ್ಣಲ್ಲಿ ಬರೆದಿರುತ್ತಾರೆ. ಅವನಿಗೂ ಮಗು ಎಡದಿಂದ ಬಲಕ್ಕೇ ಓಡುತ್ತದೆ, ಆದರೆ ಅವನ ಬಲ ಅಂದರೆ ನಮ್ಮ ಎಡ. ಅವನ ಬಲ ಅಂಚಿನಲ್ಲಿ ಮಗು ಮರೆಯಾದರೆ ಇಗೋ, ನಮ್ಮ ಕಣ್ಣೆದುರಿಗೆ ಬಂತು. ಸೂರ್ಯನ ಮುಖ ನೋಡಿ ನೋಡಿ ಪಳಗಿದವರು ಮಾತ್ರ ಮಾಡಬಹುದಾದ ತಪ್ಪು ಇದು. ಗೊತ್ತಿಲ್ಲದವನು ಕೇಳಿ ತಿಳಿದುಕೊಳ್ಳುತ್ತಿದ್ದ.

ಬೀಗರು ಹೋಗಲಿಲ್ಲ. ಕಲೆ ಎಡ ಅಂಚಿನಿಂದ ಮುಖದ ಮೇಲೆ ಬಂತು, ಬಂದ ಮಾರನೆಯ ದಿನವೇ ಸಿಡಿಯಿತು. ಅದರ ಮೋಡದ ಒಂದು ಮಗ್ಗುಲು ಮಾತ್ರ ನಮಗೆ ತಾಕಿತು, ಅಷ್ಟೇ ಸಾಕಾಯಿತು. ಕಣವಿಹಾಳದ ದೊಡ್ಡ ಟ್ರಾನ್ಸ್‌ಫಾರ್ಮರು ಗೂಳಿಯಂತೆ ಗುಟುರು ಹಾಕತೊಡಗಿತು. ಆರಿಸಲೇ ಎಂದು ಮೈಲಾರಿ ಮೇಲಿನವರನ್ನು ಕೇಳಿದ. ಮೇಲಿನವರು ಸೌರ ಕೇಂದ್ರವನ್ನು ಕೇಳಿದರು. ಏನೂ ಇಲ್ಲ, ನಡೆಸಿ ಎಂದು ಬೆಣಕಲ್ ಸಾಹೇಬರು ಹೇಳಿದರು. ಮೈಲಾರಿ ಜೊತೆಯವನನ್ನು ಹೊರಗೆ ನೂಕಿ, ಅಪ್ಪಣೆ ಇಲ್ಲದೆ ತಾನೇ ಸ್ವಿಚ್ ತೆಗೆಯಲು ಹೋದ. ಅಷ್ಟರಲ್ಲಿ ಅದು ಸ್ಫೋಟಗೊಂಡಿತು. ಅವನ ದೇಹವನ್ನು ನನಗೆ ತೋರಿಸಲಿಲ್ಲ.

ಜಿಲ್ಲೆ ವಾರಗಟ್ಟಲೆ ಕತ್ತಲಲ್ಲಿತ್ತು. ನೀರಿಲ್ಲ, ಗಿರಣಿ ಇಲ್ಲ, ಆಸ್ಪತ್ರೆಯಲ್ಲಿ ಯಂತ್ರ ನಿಂತು ಜನ ಸತ್ತರು. ವಿದ್ಯುತ್ ಆಯೋಗದ ವಿಚಾರಣೆ ನಡೆಯಿತು. ಬೆಣಕಲ್ ಸಾಹೇಬರು ಬಂದು, ಈಯಮ್ಮ ನನಗೆ ಫೋನೇ ಮಾಡಿಲ್ಲ, ನಕ್ಷೆಯೇ ಬಂದಿಲ್ಲ, ಅದು ಆ ದಿನವೇ ಹುಟ್ಟಿದ ಹೊಸ ಕಲೆ ಎಂದು ಸಾಕ್ಷಿ ಹೇಳಿ, ಕಾರು ಹತ್ತಿ ಹೋದರು. ಅವರು ಹೋದ ಮೇಲೆ ನನ್ನ ಸರದಿ. ಬೀಗರ ಮಾತನ್ನು ಅಕ್ಷರ ಬಿಡದೆ ಹೇಳಿದೆ. ಬರೆದುಕೊಂಡರು, ನಂಬಲಿಲ್ಲ. ನಕ್ಷೆ ತೋರಿಸು ಎಂದರು. ಕೇಂದ್ರದ ಕಂಪ್ಯೂಟರಿನಲ್ಲಿ ನಕ್ಷೆಯೇ ಇರಲಿಲ್ಲ, ಯಾರೋ ಅಳಿಸಿದ್ದರು. ಆಪರೇಟರ್ ಅಪ್ಪಣೆಯಿಲ್ಲದೆ ಸ್ವಿಚ್ ತೆಗೆದದ್ದೇ ಅನಾಹುತಕ್ಕೆ ಕಾರಣ ಎಂದು ತೀರ್ಪಾಯಿತು.

ಆಮೇಲೆ ಬೆಣಕಲ್ ಸಾಹೇಬರೇ ಬಿಸಿಲ ಬಂದ್ ಕಾನೂನಿನ ಪಿತಾಮಹರಾದರು. ಹಾರ, ಶಾಲು, ಟೀವಿ. ನನ್ನ ಅತ್ತೆ ಫಕೀರವ್ವ ಮಾತ್ರ ಬೋರಿಂಗಿನಲ್ಲಿ ಕೊಡ ಹಿಡಿದು ನಿಂತರೆ ಹೆಂಗಸರು ದೂರ ಸರಿಯುತ್ತಿದ್ದರು. ಜಿಲ್ಲೆಗೆ ಕತ್ತಲು ತಂದವನ ತಾಯಿ. ಒಬ್ಬಳಂತೂ, ಅವಳ ಗಂಡ ಆ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ, ಅತ್ತೆಯ ಕೊಡವನ್ನು ಕಾಲಿಂದ ಒದ್ದಳು. ಅತ್ತೆ ತುಟಿ ಪಿಟಕ್ಕೆನ್ನದೆ ಕೊಡ ಎತ್ತಿಕೊಂಡು ಬಂದಳು. ಎಲ್ಲರೂ ಹೋದ ಮೇಲೆ ನೀರು ತರುವ ರೂಢಿ ಮಾಡಿಕೊಂಡಳು. ಆ ಕೊಡದ ತಗ್ಗು ಇವತ್ತಿಗೂ ಇದೆ.

ನಾನು ಕೆಲಸ ಬಿಡಲಿಲ್ಲ. ಕಂಪ್ಯೂಟರಿನಿಂದ ನಕ್ಷೆ ಅಳಿಸಬಹುದು, ಸೂರ್ಯನ ಸದ್ದನ್ನು ಯಾರಪ್ಪನೂ ಅಳಿಸಲಾರ. ಲೋಕದ ಬೇರೆ ಬೇರೆ ಮೂಲೆಯ ವೀಕ್ಷಣಾಲಯಗಳು ಅದೇ ಏರಿಳಿತವನ್ನು ದಾಖಲಿಸಿಟ್ಟಿರುತ್ತವೆ. ಅವನ್ನೆಲ್ಲ ತರಿಸಿಕೊಂಡು, ಆ ದಿನದ ನಕ್ಷೆಯನ್ನು ಮತ್ತೆ ಕಟ್ಟಿದೆ. ಅದೇ ಬಲ ಅಂಚು, ಅದೇ ಅಂಗೈಯಗಲದ ಕಲೆ. ಆದರೆ ಆಯೋಗಕ್ಕೆ ಹೋದರೆ, ಗಂಡ ಸತ್ತ ಹೆಂಗಸು ಆಮೇಲೆ ಸೃಷ್ಟಿಸಿದ್ದು ಎನ್ನುತ್ತಾರೆ. ನಕ್ಷೆ ಇದ್ದರೆ ಸಾಲದು. ಅದನ್ನು ಬೆಣಕಲ್ ಸಾಹೇಬರ ಬಾಯಿಂದಲೇ ಓದಿಸಬೇಕು. ಲೋಕದ ಮುಂದೆ ಅವರ ಮಾನ ಮೂರು ಕಾಸಿಗೆ ಹರಾಜಾಗಬೇಕು. ಅದಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಇಷ್ಟು ವರ್ಷದಲ್ಲಿ ಅವರು ನಕ್ಷೆ ಓದಲು ಕಲಿಯಲಿಲ್ಲವೇ ಎಂದು ಕೇಳುತ್ತೀರಿ. ಕಲಿಯುವ ಗರಜು ಬೀಳಲಿಲ್ಲ. ಮೈಲಾರಿ ಸತ್ತ ಮೇಲೆ ನಾನು ಪ್ರತಿ ನಕ್ಷೆಯ ಮೇಲೂ ಕೆಂಪು ಬಾಣ ಹಾಕಿ, ‘ಬರುವ ಕಡೆ’ ಎಂದು ಬರೆಯತೊಡಗಿದ್ದೆ. ಜವಾನನೂ ಓದಬಹುದು. ಈಗ ಸಾಹೇಬರು ಆ ವ್ಯವಸ್ಥೆಗೆ ತಮ್ಮದೇ ಹೆಸರಿಟ್ಟು, ‘ಬೆಣಕಲ್ ನಕ್ಷೆ’ ಎಂದು ಟೀವಿಯಲ್ಲಿ ನೇರಪ್ರಸಾರದಲ್ಲಿ ಉದ್ಘಾಟನೆ ಇಟ್ಟುಕೊಂಡರು. ಹಿಂದಿನ ದಿನ ನನ್ನನ್ನು ಕರೆದರು.

“ಈ ಬಾಣ ಗೀಣ ಎಲ್ಲ ತೆಗೀರಿ. ಅಸಹ್ಯವಾಗಿ ಕಾಣುತ್ತೆ. ಇದು ವಿಜ್ಞಾನ ಕೇಂದ್ರಾನೋ ಬಸ್ ಸ್ಟ್ಯಾಂಡೋ?”

“ತೆಗೀತೀನಿ ಸರ್” ಎಂದೆ. ಆ ಬೆಳಿಗ್ಗೆಯ ನಕ್ಷೆಯಲ್ಲಿ, ಬಲ ಅಂಚಿನಲ್ಲಿ, ಹೊಸದೊಂದು ಕಲೆ ಬಿದ್ದಿತ್ತು. ಮೈಲಾರಿಯನ್ನು ಕೊಂದದ್ದಕ್ಕಿಂತ ದೊಡ್ಡದು. ನಾನು ಅದನ್ನು ಇನ್ನೂ ಯಾರಿಗೂ ತೋರಿಸಿರಲಿಲ್ಲ.

ನನ್ನ ಲೆಕ್ಕ ಏನಿತ್ತು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಬಾಣವಿಲ್ಲದ ನಕ್ಷೆ ಅವರ ಕೈಗೆ ಕೊಡುವುದು. ಹೋಗುತ್ತಿದೆ ಎಂದು ಅವರು ಲೋಕಕ್ಕೆ ಸಾರುವುದು. ಬಂದ್ ಆಗುವುದಿಲ್ಲ. ಸೂರ್ಯನ ಬಿರುಗಾಳಿ ಬರುತ್ತದೆ, ನಾಡು ಸುಡುತ್ತದೆ, ಅದರ ಜೊತೆ ಅವರೂ ಸುಟ್ಟುಹೋಗುತ್ತಾರೆ. ಸುಡಲಿ!

ಮಧ್ಯಾಹ್ನ ಕಣವಿಹಾಳಕ್ಕೆ ಹೋದೆ. ಅಲ್ಲಿ ಈಗ ಪಾಳಿಯ ಮುಖ್ಯಸ್ಥ ದಾವಲಸಾಬ. ಆ ದಿನ ಮೈಲಾರಿ ಹೊರಗೆ ನೂಕಿ ಬದುಕಿಸಿದ್ದು ಇವನನ್ನೇ. ನನ್ನನ್ನು ಅಣ್ಣನ ಹೆಂಡತಿಯಂತೆ ವೈನಿ ಎನ್ನುತ್ತಾನೆ. ಬರುವ ವಾರ ರಜೆ ಹಾಕು, ಇಲ್ಲಿ ಇರಬೇಡ ಎಂದು ಹೇಳಲು ಹೋಗಿದ್ದೆ.

“ಯಾಕ್ರಿ ವೈನಿ?” ಎಂದ. ನನಗೆ ಸುಳ್ಳು ಹೇಳಲಾಗಲಿಲ್ಲ, ಎಲ್ಲ ಹೇಳಿದೆ. ಅವನು ಚಹಾದ ಕಪ್ಪು ಕೆಳಗಿಟ್ಟ.

“ನಾ ರಜಾ ಹಾಕ್ತೀನ್ರಿ. ನನ್ನ ಜಾಗಾದಾಗ ಯಾರ ಬರ್ತಾರ? ಅವಂಗೂ ಒಬ್ಬಾಕಿ ತಾಯಿ ಇರ್ತಾಳಲ್ರಿ. ಅಕಿ ಕೊಡಾನೂ ಒದೀಬೇಕೇನ್ರಿ ಮಂದಿ?”

“ಮತ್ತ ನನ್ನ ಸೇಡು? ಅದನ್ನ ಎಲ್ಲಿ ಇಟ್ಟು ಬರ್ಲಿ ದಾವಲ?” ನನ್ನ ದನಿ ಏರಿತು, ಅಂಗಳದಲ್ಲಿದ್ದವರು ತಿರುಗಿ ನೋಡಿದರು.

“ತೀರಿಸ್ರಿ, ಬ್ಯಾಡ ಅನ್ನಂಗಿಲ್ಲ. ನನಗೂ ಹೊಟ್ಟಿ ಉರೀತೈತಿ. ಆದ್ರ ಮೈಲಾರಣ್ಣ ಯಾತಕ್ಕ ಸತ್ತ ಅನ್ನೂದು ಮರೀಬ್ಯಾಡ್ರಿ. ಅವ ಸತ್ತದ್ದು ಇದನ್ನ ಆರ್ಸಾಕ. ಇವತ್ತ ನೀವು ಇದನ್ನ ಉರಿಯಾಕ ಬಿಡ್ತೀರಿ ಅಂದ್ರ, ಮೊದಲ ನನ್ನ ಕೊಂದ ಹೋಗ್ರಿ.”

ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂತು. ಸರಿಯಾದ ಮಾತು ಹೇಳಿದವರ ಮೇಲೆ ಬರುವ ಸಿಟ್ಟು. ಎದ್ದು ಬಂದೆ.

ಮನೆಗೆ ಬಂದರೆ ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಖಡಕ್ ರೊಟ್ಟಿ, ಸಾಲಾಗಿ ಒಣಗಲು ಇಟ್ಟಿದ್ದಳು. ಬಂದ್ ಘೋಷಣೆ ಆಗಿರಲೇ ಇಲ್ಲ.

“ಯಾಕತ್ತಿ, ಯಾರ ಹೇಳಿದ್ರು?”

“ನಿನ್ನ ಮಾರಿ ಹೇಳ್ತು. ನನ್ನ ಮಗ ಸತ್ತ ವಾರಾನೂ ನೀ ಹಿಂಗ ಉಣದ ಓಡಾಡಿದ್ದಿ” ಎಂದಳು. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. “ದೊಡ್ಡದೈತೇನ?”

“ಹೌದು.”

“ಮಂದಿಗೆ ಹೇಳೀಯೋ ಇಲ್ಲೋ?”

ನಾನು ಒಣಗಲಿಟ್ಟ ರೊಟ್ಟಿಗಳನ್ನು ತಿರುವಿ ಹಾಕತೊಡಗಿದೆ. ಅವಳು ಬಿಡಲಿಲ್ಲ.

“ಅಂವ ನನ್ನ ಮಗನ್ನ ತಿಂದಾನ. ಅವನ ಹೆಸರ ಮಣ್ಣಾಗಬೇಕು, ನಾ ಕಣ್ಣಿಲೆ ನೋಡಬೇಕು, ನೋಡೇ ಸಾಯ್ತೀನಿ. ಆದ್ರ ಮತ್ತೊಬ್ಬಾಕಿ ಮಗನ್ನ ಸುಟ್ಟು ಅಲ್ಲವಾ. ಹಂಗ ಮಾಡಿದ್ರ ನಮಗೂ ಅವಗೂ ಏನ ಫರಕು? ನೀ ಓದಿದಾಕಿ. ಬ್ಯಾರೆ ಹಾದಿ ಹುಡುಕು.”

ಹುಡುಕಿದೆ. ಹಾದಿ ಇಷ್ಟು ದಿನ ನನ್ನ ಮೇಜಿನಲ್ಲೇ ಇತ್ತು. ಥೂ ನನ್ನ ಬುದ್ಧಿಗಿಷ್ಟು!

ಮರುದಿನ ಕೇಂದ್ರದ ನಿಯಂತ್ರಣ ಕೊಠಡಿ ಮದುವೆ ಚಪ್ಪರದಂತೆ ಸಿಂಗಾರಗೊಂಡಿತ್ತು. ಕ್ಯಾಮೆರಾಗಳು, ಹೂಗುಚ್ಛ, ಗೋಡೆಯಗಲದ ಪರದೆ. ಮುಂದಿನ ಸಾಲಿನಲ್ಲಿ ವಿದ್ಯುತ್ ಆಯೋಗದ ಅಧ್ಯಕ್ಷೆ ಕಮಲಾಕ್ಷಿ ಮೇಡಂ. ಅಂದಿನ ವಿಚಾರಣೆಯಲ್ಲಿ ನನ್ನ ಸಾಕ್ಷಿ ಬರೆದುಕೊಂಡಾಕೆ ಇವರೇ. ಬೆಣಕಲ್ ಸಾಹೇಬರು ರೇಷ್ಮೆ ಜುಬ್ಬಾ ತೊಟ್ಟು ಮದುಮಗನಂತೆ ಓಡಾಡುತ್ತಿದ್ದರು. ಭಾಷಣ ಮುಗಿಸಿ, “ಎಲ್ಲಿ, ನಕ್ಷೆ ಹಾಕಿ” ಎಂದು ನನ್ನ ಕಡೆ ಚಿಟಿಕೆ ಹೊಡೆದರು.

ಹಾಕಿದೆ. ಬಾಣವಿಲ್ಲ, ಅಕ್ಷರವಿಲ್ಲ, ಅವರ ಅಪ್ಪಣೆಯಂತೆಯೇ. ಕೆಳಗಿನ ಮೂಲೆಯಲ್ಲಿ ತಾರೀಖು ಮಾತ್ರ ಇದ್ದೇ ಇತ್ತು. ಅದನ್ನು ನಾನು ಅಳಿಸಿರಲಿಲ್ಲ. ಓದುವ ಕಣ್ಣು ಬೇಕಲ್ಲ.

ಬಲ ಅಂಚಿನ ಆ ಕರಿ ಕಲೆಯನ್ನು ನೋಡಿ ಸಭೆಯಲ್ಲಿ ಗುಜುಗುಜು ಎದ್ದಿತು. ಕಮಲಾಕ್ಷಿ ಮೇಡಂ ಮುಂದೆ ಬಾಗಿದರು. “ಇದು ದೊಡ್ಡದಾಗೇ ಇದೆಯಲ್ಲ ಡಾಕ್ಟರೇ. ಬಂದ್ ಬೇಕಾಗುತ್ತಾ?”

ಸಾಹೇಬರು ಕ್ಯಾಮೆರಾ ಕಡೆ ತಿರುಗಿ ನಕ್ಕರು. ಆ ನಗು ನನಗೆ ಪರಿಚಯದ್ದು, ಫೋನಿನಲ್ಲಿ ಕೇಳಿದ್ದೆ.

“ಗಾಬರಿ ಬೇಡ ಮೇಡಂ. ಬಲ ಅಂಚಿನ ಕಲೆ ಅಂದ್ರೆ ಊಟ ಮುಗಿಸಿ ಹೊರಟ ಬೀಗರು. ಕೈ ಮುಗಿದು ಕಳಿಸಿಕೊಡಿ, ಅಷ್ಟೇ.”

ಜನ ನಕ್ಕು ಚಪ್ಪಾಳೆ ತಟ್ಟಿದರು. ಕಮಲಾಕ್ಷಿ ಮೇಡಂ ತಟ್ಟಲಿಲ್ಲ. ಅವರ ಮುಖ ಬಿಳಿಚಿಕೊಂಡಿತು. ಆ ಮಾತನ್ನು ಹಿಂದೊಮ್ಮೆ ಅವರು ನನ್ನ ಬಾಯಿಂದ ಕೇಳಿ ತಮ್ಮ ಕೈಯಾರೆ ಬರೆದುಕೊಂಡಿದ್ದರು. ಆಗ ನಂಬಿರಲಿಲ್ಲ.

ನಾನು ಮೈಕು ತೆಗೆದುಕೊಂಡೆ.

“ಸರ್, ಮೂಲೆಯಲ್ಲಿರೋ ತಾರೀಖು ಓದ್ತೀರಾ?”

ಅವರು ಕನ್ನಡಕ ಏರಿಸಿದರು. ನೋಡಿದರು. ಕನ್ನಡಕ ತೆಗೆದು ಒರೆಸತೊಡಗಿದರು. ನಾನೇ ಓದಿದೆ. “ಇದು ಇವತ್ತಿನ ನಕ್ಷೆ ಅಲ್ಲ. ಕಣವಿಹಾಳ ಸುಟ್ಟ ವಾರದ್ದು. ನೀವು ನೋಡೇ ಇಲ್ಲ ಅಂತ ಸಾಕ್ಷಿ ಹೇಳಿದ್ದು ಇದನ್ನೇ. ಆಗಲೂ ಬೀಗರು ಹೊರಟರು ಅಂದಿರಿ. ಆ ಬೀಗರು ನನ್ನ ಗಂಡ ಮೈಲಾರಿಯನ್ನ ಸುಟ್ಟು ಹೋದರು.”

“ಕ್ಯಾಮೆರಾ ಆಫ್ ಮಾಡಿ!” ಎಂದು ಸಾಹೇಬರು ಕಿರುಚಿದರು. “ಮಾಡಬೇಡಿ” ಎಂದು ಕಮಲಾಕ್ಷಿ ಮೇಡಂ ಎದ್ದು ನಿಂತರು.

ನಾನು ಎರಡನೆಯ ನಕ್ಷೆ ಹಾಕಿದೆ. ಅದೇ ಬಲ ಅಂಚು. ಇನ್ನೂ ದೊಡ್ಡ ಕಲೆ.

“ಇದು ಇವತ್ತಿನದು. ಈಗ ಓದಿ ಸರ್. ಹೋಗ್ತಾ ಇದೆಯೋ, ಬರ್ತಾ ಇದೆಯೋ?”

ಅವರು ನನ್ನನ್ನು ನೋಡಿದ ನೋಟ ನನಗೆ ಸಾಯುವವರೆಗೂ ಸಾಕು. ಹೋಗುತ್ತಿದೆ ಎಂದರೆ ನಾಡು ಸುಟ್ಟ ಪಾಪ ಮತ್ತೆ ಅವರ ತಲೆಗೆ. ಬರುತ್ತಿದೆ ಎಂದರೆ ಹಿಂದಿನದೂ ಬರುತ್ತಿತ್ತು ಎಂದು ತಮ್ಮ ಬಾಯಾರೆ ಒಪ್ಪಿದಂತೆ. ಬೆವರು ಜುಬ್ಬಾದ ಕಾಲರಿಗೆ ಇಳಿಯಿತು. ನಾನು ಆತುರ ಮಾಡಲಿಲ್ಲ. ಇಷ್ಟು ವರ್ಷ ಕಾದವಳಿಗೆ ಅದೇನು ದೊಡ್ಡದು.

“ಬರುತ್ತಿದೆ” ಎಂದರು, ಪಕ್ಕದವರಿಗೂ ಕೇಳಿಸದಷ್ಟು ಮೆಲ್ಲಗೆ. ಆದರೆ ಮೈಕಿಗೆ ಕೇಳಿಸಿತು, ಮೈಕಿನಿಂದ ನಾಡಿಗೆಲ್ಲ.

ಬಂದ್ ಘೋಷಣೆಯಾಯಿತು. ಕಲೆ ಎಡ ಅಂಚಿನಿಂದ ಬಂತು, ಬಂದು ಸಿಡಿಯಿತು, ಬಿರುಗಾಳಿ ಅಪ್ಪಳಿಸಿತು. ಆರಿಸಿಟ್ಟ ತಂತಿಗಳ ಮೇಲೆ ಅದರ ಆಟ ನಡೆಯಲಿಲ್ಲ. ಬಂದಿನ ಎರಡನೆಯ ದಿನ ದಾವಲಸಾಬ ಸೈಕಲ್ ತುಳಿದುಕೊಂಡು ಮನೆಗೆ ಬಂದ. ಕಟ್ಟೆಯ ಮೇಲೆ ಕೂತು ಖಡಕ್ ರೊಟ್ಟಿ ಮುರಿಯುತ್ತ, “ಟ್ರಾನ್ಸ್‌ಫಾರ್ಮರ ಮುಟ್ಟಿ ನೋಡೇ ಬಂದೆ ವೈನಿ. ಎಲ್ಲಾ ತಣ್ಣಗ ಅದಾವ” ಎಂದ. ಆಮೇಲೆ ಮುಖ ಆ ಕಡೆ ಮಾಡಿಕೊಂಡು ಕಣ್ಣೊರೆಸಿಕೊಂಡ.

ಅವನಿನ್ನೂ ಕೂತಿರುವಾಗಲೇ ಬೆಣಕಲ್ ಸಾಹೇಬರು ಬಂದರು. ಅಷ್ಟರಲ್ಲಿ ಅವರನ್ನು ಕೆಲಸದಿಂದ ಇಳಿಸಿದ್ದರು, ಮರುವಿಚಾರಣೆಗೆ ಆಜ್ಞೆಯಾಗಿತ್ತು. ಜುಬ್ಬಾ ಇರಲಿಲ್ಲ, ಮಾಸಿದ ಅಂಗಿ. ಅತ್ತೆಯ ಮುಂದೆ ಕೈಮುಗಿದು ನಿಂತರು.

“ತಪ್ಪಾಯ್ತು ತಾಯಿ. ನೀವು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೀರಿ ಅಂತ ಆಯೋಗಕ್ಕೆ ಒಂದು ಮಾತು ಹೇಳಿದರೆ...”

ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಹೋದಳು. ನೀರು ಕೊಡಲು ಹೋದಳೇನೋ ಎಂದುಕೊಂಡೆ. ತಗ್ಗು ಬಿದ್ದ ಆ ಕೊಡವನ್ನು ತಂದು ಅವರ ಕೈಗೆ ಕೊಟ್ಟಳು.

“ಬರ್ರಿ” ಎಂದಳು. “ನನ್ನ ಮುಂದ ಹೇಳಿದ್ರ ಏನ ಬಂತು? ನನಗ ಮೊದಲ ಗೊತ್ತಿತ್ತು.”

ಬಂದ್ ದಿನವಾದ್ದರಿಂದ ಇಡೀ ಓಣಿ ಬೋರಿಂಗಿನ ಹತ್ತಿರ ಸೇರಿತ್ತು. ಅತ್ತೆ ಹಾಡುಹಗಲೇ, ಎಲ್ಲರ ನಡುವೆ, ಎದೆ ಸೆಟೆಸಿ ನಡೆದಳು. ಹಿಂದೆ ಕೊಡ ಹಿಡಿದು ಸಾಹೇಬರು, ಅವರ ಹಿಂದೆ ನಾನೂ ದಾವಲಸಾಬನೂ. ಹೆಂಗಸರು ಸರಿದು ದಾರಿ ಬಿಟ್ಟರು. ಕೊಡ ಒದ್ದವಳೂ ಅಲ್ಲೇ ಇದ್ದಳು, ಪಂಪಿನ ಹಿಡಿ ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

“ಹೇಳ್ರಿ” ಎಂದಳು ಅತ್ತೆ.

ಸಾಹೇಬರು ನನ್ನ ಕಡೆ ನೋಡಿದರು. ಒಂದು ಮಾತು ಸಾಕು, ಬಿಡಿಸಿ ಕಳಿಸಬಹುದಿತ್ತು. ನಾನು ಆಡಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

“ತಪ್ಪು... ತಪ್ಪು ನನ್ನದು. ಮೈಲಾರಿಯವರದ್ದಲ್ಲ” ಎಂದರು ನೆಲ ನೋಡುತ್ತ. “ಅವರು ಆರಿಸೋಕೆ ಹೋಗಿದ್ದೇ ಸರಿ. ಸುಳ್ಳು ಹೇಳಿದ್ದು ನಾನು.”

ಕೊಡ ಒದ್ದವಳು ಹಿಡಿ ಬಿಟ್ಟು ಬಂದು, ಸಾಹೇಬರ ಕೈಯಿಂದ ಆ ಕೊಡವನ್ನು ಕಿತ್ತುಕೊಂಡು ಪಂಪಿನ ಕೆಳಗಿಟ್ಟಳು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ತಾನೇ ನೀರು ಹೊಡೆಯತೊಡಗಿದಳು. ಸಾಹೇಬರು ಮುಗಿಯಿತೆಂದು ಹೊರಡಲು ತಿರುಗಿದರು. ಅತ್ತೆ ಅವರ ತೋಳು ಹಿಡಿದು ನಿಲ್ಲಿಸಿದಳು.

“ಎಲ್ಲಿಗೆ ಹೊಂಟ್ರಿ? ಜೋರ ಹೇಳ್ರಿ ಸಾಹೇಬ್ರ. ಹಿಂದ ನಿಂತಾವ್ರಿಗೆ ಕೇಳಿಲ್ಲ.”